ಮೋಟು ಸೀಮೆಸುಣ್ಣ

ಹೊಸ ಡಬ್ಬ ಒಡೆಯೋದು ಎ ಸೆಕ್ಷನ್ನಲ್ಲಿ.
ಬೆರಳುದ್ದ, ಬೆಳ್ಳಗೆ, ಮುರಿಯೋಕೆ ಮನಸ್ಸು ಬರಾಕಿಲ್ಲ.
ಅಲ್ಲಿ ಅರ್ಧ ಆದದ್ದು ಬಿ ಗೆ ಹೋಯ್ತದೆ.
ಬಿ ಯಲ್ಲಿ ಸವೆದು ಉಗುರಿನಷ್ಟು ಉಳಿದದ್ದ
ನನ್ನ ಸೆರಗಿಗೆ ಸುರೀತಾರೆ:
"ದುಂಡಮ್ಮ, ಇದು ಸಿ ಗೆ."

ಯಾರೂ ಹಿಂಗೇ ಅಂತ ರೂಲ್ಸು ಬರೆದಿಲ್ಲ.
ಮಳವಳ್ಳಿಯ ಈ ಸ್ಕೂಲಿಗೆ ಗಂಟೆ ಹೊಡೆಯೋಕೆ ಬಂದು
ಹತ್ತೊಂಬತ್ತು ವರ್ಷ, ಬರೆದದ್ದ ನಾನು ನೋಡಿಲ್ಲ.
ಯಾವ ಬಾಗಿಲಿಗೆ ಏನು ಅಂತ
ಕೈ ತಾನಾಗೇ ಕಲೀತದೆ.

ಪರೀಕ್ಷೆ, ನಾಲ್ಕನೇ ಕ್ಲಾಸಿನ ಮೊದಲ ವಾರ.
ಇಪ್ಪತ್ತು ಮಾರ್ಕು.
ಒಂಬತ್ತು ವರ್ಷದ ಮಕ್ಕಳು,
ಕೆಲವಕ್ಕೆ ಕೋರೆಹಲ್ಲೂ ಸರಿಯಾಗಿ ಹುಟ್ಟಿರಾಕಿಲ್ಲ.
ಶನಿವಾರ ಪಟ್ಟಿ ಅಂಟಿಸ್ತಾರೆ. ಗೋಂದು ಕಲಸೋಳು ನಾನು.

ಆ ವರ್ಷ ಉತ್ತರದ ಕಟ್ಟು ಹೊತ್ತವಳೂ ನಾನೇ.
ಏಳನೇ ಕ್ಲಾಸು ಓದಿವ್ನಿ, ಓದಬಾರದ್ದ ಓದೋ ಚಟ.
ರಾಚಪ್ಪಾಜಿ ಅಂತ ಒಂದು ಹುಡುಗ, ನಾಲೆ ಕೊನೇ ಊರೋನು,
ನೀರು ಬಿಟ್ಟ ದಿನ ಸ್ಕೂಲಿಗೆ ಚಕ್ಕರ್.
ಈಜುಕೊಳ ಇಪ್ಪತ್ತಡಿ ಉದ್ದ, ಹತ್ತಡಿ ಅಗಲ, ಸುತ್ತಳತೆ ಎಷ್ಟು?
ಬರೆದವ್ನೆ, ಪೆನ್ಸಿಲ್ಲು ಕಾಗದ ತೂತಾಗೋ ಹಂಗೆ ಒತ್ತಿ:
"ನಾಲೆಗೆ ಸುತ್ತಳತೆ ಇಲ್ಲ ಅದು ಹೋಗ್ತಾನೆ ಇರ್ತದೆ"
ಕೆಂಪು ಗೀಟು.
ಎ ಗೆ ಹದಿನಾಲ್ಕು ಬೇಕು, ಬಿ ಗೆ ಹತ್ತು.
ಅವನದು ಒಂಬತ್ತೂವರೆ.

ನಮ್ಮೆಜಮಾನ ನೀರಗಂಟಿ. ನಾನು ಬರೀ ಗಂಟೆ.
ರಾತ್ರಿ ಯೋಳ್ದೆ. ಮುದ್ದೆ ಮುರೀತಾ ಅಂದ:
"ಮೇಲಿನ ತೂಬಿಗೆ ಮೊದಲು ನೀರು.
ಅವರು ಗದ್ದೆ ತುಂಬಿ, ಕಬ್ಬಿಗೂ ಬಿಟ್ಟು,
ರಸ್ತೆಗೂ ಚೆಲ್ಲಿ, ಆಮೇಲೆ ಕೆಳಕ್ಕೆ.
ಕೊನೇ ಗದ್ದೆಗೆ ಬರೋದು ನೀರಲ್ಲ,
ನೀರು ಬಂತಂತೆ ಅನ್ನೋ ಸುದ್ದಿ.
ನಾಲ್ಕು ಬೆಳೆ ಹಿಂಗೇ ಆದ್ರೆ ಜನ ಏನಂತಾರೆ ಗೊತ್ತಾ?
ಆ ಮಣ್ಣೇ ಸರಿಯಿಲ್ಲ ಅಂತಾರೆ."
ಸಾರು ಇನ್ನೊಂದು ಸೌಟು ಹಾಕು ಅಂದ.

ಸಿ ಗೋಡೆ ಆಚೆ ಬಿಸಿಯೂಟದ ಒಲೆ.
ಒಗ್ಗರಣೆ ಚಟಪಟ ಅಂದ್ರೆ ಪಾಠ ಮುಗೀತು ಅಂತಲೇ.
ಅಕ್ಕಿ ಮೂಟೆ ಇಳಿಸೋಕೆ ಸಿ ಹುಡುಗರು.
ಸಾಹೇಬರು ಬಂದ ದಿನ ಮೈದಾನದಲ್ಲಿ ಕಲ್ಲಾರಿಸೋಕೆ
ಸಿ ಹುಡುಗರು.
"ಗಟ್ಟಿ ಆಳುಗಳು ಕಣಮ್ಮ ಇವು" ಅಂತಾರೆ ಹೆಡ್ಮೇಷ್ಟ್ರು,
ಮನಸಾರೆ ಅಂತಾರೆ. ಕೆಟ್ಟೋರಲ್ಲ.
ಲೆಕ್ಕದ ಮೇಷ್ಟ್ರು ಒಬ್ಬರೇ, ಎಲ್ಲಿಗೆ ಅಂತ ಹೋಗ್ತಾರೆ,
ಅದ್ಕೇ ಎ ಗೆ ಹೋಗ್ತಾರೆ.
ಸಿ ಯಿಂದ ಎ ಗೆ ಹತ್ತಿದವಳು ನಾ ಕಂಡಂಗೆ ಒಬ್ಬಳೇ,
ಅವಳಪ್ಪ ಪಂಚಾಯ್ತಿ ಮೆಂಬರಾದ ವರ್ಷ.

ಒಂದು ಸೋಮವಾರ ತಡೀಲಾರದೆ
ಹೊಸ ಡಬ್ಬವ ಸೀದಾ ಸಿ ಮೇಜಿನ ಮೇಲಿಟ್ಟೆ.
ಮಕ್ಕಳು ಸುಮ್ಮಗಾದವು, ದೇವರು ಬಂದಂಗೆ.
ಮಿಸ್ಸು ಆಚೀಚೆ ನೋಡಿ ಬೀರುವಿಗಿಟ್ಟು ಬೀಗ ಹಾಕಿದ್ರು:
"ಇನ್ಸ್‌ಪೆಕ್ಷನ್ನಿಗೆ ಇರ್ಲಿ."

ರಾಚಪ್ಪಾಜಿ ಈಗ ಏಳನೇ ಕ್ಲಾಸು.
ಮಾತು ಕಮ್ಮಿ. "ನಾವು ಸಿ ಅಲ್ವಾ" ಅಂತಾನೆ,
ನಮ್ಮೂರು ಇದಲ್ವಾ ಅನ್ನೋ ಹಂಗೆ.
ನಿನ್ನೆ ನನ್ನ ಸೆರಗಿಂದ ಒಂದು ಮೋಟು ಕಿತ್ತುಕೊಂಡು
ಜಗಲಿ ಮೇಲೆ ಕುಕ್ಕರಗಾಲಲ್ಲಿ ಕೂತು
ಉದ್ದಕ್ಕೆ ಒಂದು ಗೀಟು, ಅಡ್ಡಕ್ಕೆ ಒಂದು, ಮತ್ತೆ ಉದ್ದಕ್ಕೆ.
ನಾಲ್ಕನೇದು ಎಳೀಲಿಲ್ಲ.
ಸುಣ್ಣ ಇನ್ನೂ ಇತ್ತು ಬೆರಳ ಸಂದಿ.

"ಅದ್ಯಾಕ್ಲಾ ಒಂದು ಕಡೆ ಬಿಟ್ಟೆ?"

"ನೀರು ಬರ್ಬೇಕಲ್ಲ."

ಗಂಟೆ ಎರಡು ನಿಮಿಷ ತಡವಾಯ್ತು.
ಬೈಸ್ಕೊಂಡೆ.
ಸಂಜೆ ಕಸ ಗುಡಿಸೋವಾಗ
ಜಗಲಿಯ ಅಷ್ಟು ಜಾಗವ ಬಳಸಿಕೊಂಡು ಬಂದೆ.